ರಕ್ತ ತೆಗೆಯುವ ಅಭ್ಯಾಸಕ್ಕೆ ಸಿಲಿಕೋನ್ ಪ್ಯಾಡ್: ನರ ಚೆನ್ನಾಗಿದೆ, ಚರ್ಮದ್ದೇ ತಕರಾರು

ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ) ಮಕ್ಕಳಿಗೆ ರಕ್ತ ತೆಗೆಯುವುದನ್ನು ಹೇಳಿಕೊಡುವುದು ನನ್ನ ಕೆಲಸ. ಇಡೀ ಕೈಯ ಮಾದರಿ ನಮ್ಮ ಕಾಲೇಜಿನ ಬಜೆಟ್‌ಗೆ ಎಟುಕಲಿಲ್ಲ. ಹಾಗಾಗಿ ಹೋದ ವರ್ಷ ಆನ್‌ಲೈನ್‌ನಲ್ಲಿ ಸಿಲಿಕೋನ್ ಪ್ಯಾಡ್ ತರಿಸಿದೆ. ಅಳತೆ, ತೂಕ ಎಲ್ಲ ಮಾರುವವರ ಪುಟದಲ್ಲೇ ಇದೆ. ನಾನು ಬಳಸಿ ಕಂಡಿದ್ದನ್ನಷ್ಟೇ ಹೇಳುತ್ತೇನೆ.

ಮೊದಲ ದಿನವೇ ಖುಷಿ ಕೊಟ್ಟಿದ್ದು ಒಳಗಿನ ನರ, ಅಂದರೆ ರಕ್ತನಾಳದ ಬದಲಿಗೆ ಇಟ್ಟಿರುವ ಕೊಳವೆ. ಬೆರಳಿಟ್ಟು ಒತ್ತಿ ಬಿಟ್ಟರೆ ಪುಟಿಯುತ್ತದೆ. ಮೊಣಕೈ ಮಡಿಕೆಯಲ್ಲಿ ನಾವು ಮೊದಲು ಹುಡುಕುವ ಮೀಡಿಯನ್ ಕ್ಯುಬಿಟಲ್ ವೇನ್ ಬೆರಳಿಗೆ ಸಿಗುವುದೂ ಹೀಗೇ. ಪಕ್ಕದ ಸ್ನಾಯುರಜ್ಜು ಗಟ್ಟಿ ಹಗ್ಗದ ಹಾಗೆ ಇರುತ್ತದೆ, ಪುಟಿಯುವುದಿಲ್ಲ. ಧಮನಿಯಾದರೆ ಮಿಡಿಯುತ್ತದೆ. ಈ ವ್ಯತ್ಯಾಸ ಬೆರಳಿಗೆ ಗೊತ್ತಾಗಬೇಕು. ಈ ಪ್ಯಾಡ್‌ನಲ್ಲಿ ಕೊಳವೆಯ ಗೋಡೆ ತೆಳು, ಸುತ್ತಲಿನ ಪದರ ಮೇಲಿನ ಚರ್ಮಕ್ಕಿಂತ ಮೆದು. ಆ ಪುಟಿತ ಬರುವುದು ಅದರಿಂದಲೇ. ಮಾಡಿದವರಿಗೆ ಕೆಲಸ ಗೊತ್ತಿದೆ.

ಕ್ಲಾಸಿಗೆ ಮುಂಚೆ ಇದನ್ನು ಸಿದ್ಧ ಮಾಡುವುದು ನನಗೆ ತುಂಬಾ ಇಷ್ಟದ ಕೆಲಸ. ಖಾಲಿ ಸಲೈನ್ ಬಾಟಲಿಗೆ ನೀರು, ಅಡುಗೆಯ ಕೆಂಪು ಬಣ್ಣ ಎರಡು ಹನಿ. ಡ್ರಿಪ್ ಸ್ಟ್ಯಾಂಡಿಗೆ ನೇತುಹಾಕಿ, ಐವಿ ಸೆಟ್‌ನಿಂದ ನಿಧಾನವಾಗಿ ಬಿಡುತ್ತೇನೆ. ಇನ್ನೊಂದು ತುದಿಯಿಂದ ಗುಳ್ಳೆಗಳೆಲ್ಲ ಹೋಗುವವರೆಗೆ ಪ್ಯಾಡನ್ನು ಬೆರಳಲ್ಲಿ ತಟ್ಟುತ್ತಾ ಇರಬೇಕು. ಒಂದು ಗುಳ್ಳೆ ಉಳಿದರೂ ಸೂಜಿ ಸರಿಯಾಗಿ ಹೋದಾಗಲೂ ಸಿರಿಂಜ್‌ನಲ್ಲಿ ಕೆಂಪು ಕಾಣುವುದಿಲ್ಲ. ಪಾಪ, ಮಕ್ಕಳು ತಮ್ಮದೇ ತಪ್ಪು ಅಂದುಕೊಳ್ಳುತ್ತಾರೆ. ಬಾಟಲಿ ಎಷ್ಟು ಎತ್ತರದಲ್ಲಿದೆ ಅನ್ನುವುದೂ ಮುಖ್ಯ. ಒಂದು ಅಡಿ ಎತ್ತರದ ನೀರು ಅಂದರೆ ಸುಮಾರು 22 ಮಿ.ಮೀ. ಪಾದರಸದ ಒತ್ತಡ. ಇನ್ನೂ ಮೇಲಕ್ಕೆ ಏರಿಸಿದರೆ ಟೂರ್ನಿಕೆ (ತೋಳಿಗೆ ಬಿಗಿಯುವ ಪಟ್ಟಿ) ಕಟ್ಟಿದ ಕೈಯಂತೆ ನರ ಉಬ್ಬುತ್ತದೆ. ಇಳಿಸಿದರೆ ನೀರಡಿಸಿ ಸುಸ್ತಾದ ಪೇಷಂಟ್‌ನ ಕೈ. ಒಂದೇ ಪ್ಯಾಡ್‌ನಲ್ಲಿ ಎರಡೂ ಸಿಗುತ್ತದೆ, ಅಲ್ವಾ!

ಸಂಜೆ ಬರೀ ನೀರು ಹಾಯಿಸಿ, ಸಿರಿಂಜ್‌ನಿಂದ ಗಾಳಿ ಊದಿ ಒಣಗಿಸುತ್ತೇನೆ. ಇಲ್ಲದಿದ್ದರೆ ಒಳಗೆ ಬೂಷ್ಟು ಬರುತ್ತದೆ. ಮೇಲೆ ಸ್ವಲ್ಪ ಟಾಲ್ಕಂ ಪೌಡರ್ ಸವರಿದರೆ ಅಂಟುವುದಿಲ್ಲ. ಪೇಪರ್ ಮೇಲೆ ಮಾತ್ರ ಇಡಬೇಡಿ. ಶಾಯಿ ಅಂಟಿದರೆ ಹೋಗುವುದಿಲ್ಲ.

ಇಷ್ಟೆಲ್ಲ ಮೆಚ್ಚಿದ ಮೇಲೂ ಈಗ ಇದರ ಮೇಲೆ ನನಗೆ ಕೋಪವಿದೆ. ಕಾರಣ ತೂತುಗಳು.

ನಾವು ಬಳಸುವ ಹಸಿರು ತಲೆಯ 21 ಗೇಜ್ ಸೂಜಿಯ ದಪ್ಪ 0.8 ಮಿ.ಮೀ. ನಮ್ಮ ಚರ್ಮವಾದರೆ ಅಷ್ಟು ಗಾಯ ತಾನೇ ಮಾಯುತ್ತದೆ, ಸಿಲಿಕೋನ್ ಮಾಯುವುದಿಲ್ಲ. ಕೆಲವೇ ವಾರಗಳಲ್ಲಿ ನರದ ಮೇಲೆ ಉದ್ದಕ್ಕೂ ಚುಕ್ಕಿಗಳ ಸಾಲು ಬಂತು. ಆಮೇಲೆ ಬಂದ ಮಕ್ಕಳಿಗೆ ಬೆರಳು ಇಡುವ ಅಗತ್ಯವೇ ಬರಲಿಲ್ಲ. ಚುಕ್ಕಿ ನೋಡಿದರು, ಅಲ್ಲೇ ಚುಚ್ಚಿದರು, ರಕ್ತ ಬಂತು. ಸೂಜಿ ಮೊದಲು ಚರ್ಮ, ಆಮೇಲೆ ನರದ ಗೋಡೆ ದಾಟುವಾಗ ಕೈಗೆ ಎರಡು ಸಲ ಸಿಗಬೇಕಾದ ಆ ಸಣ್ಣ ತಡೆಯೂ ಹಳೆಯ ತೂತಿನಲ್ಲಿ ಸಿಗುವುದಿಲ್ಲ.

ಪ್ಯಾಡ್ ಮೇಲೆ ಬಹಳ ಚೆನ್ನಾಗಿ ಮಾಡುತ್ತಿದ್ದ ಒಬ್ಬ ಹುಡುಗಿ ಕಲೆಕ್ಷನ್ ರೂಮಿನಲ್ಲಿ ದಪ್ಪ ಕೈಯ ಅಮ್ಮನೊಬ್ಬರ ಮುಂದೆ ಕೂತಳು. ಟೂರ್ನಿಕೆ ಸರಿಯಾಗಿ ಕಟ್ಟಿದಳು. ಆಮೇಲೆ ಸೂಜಿ ಹಿಡಿದು ಸುಮ್ನೆ ನೋಡುತ್ತಲೇ ಇದ್ದಳು. "ನರಾನೇ ಕಾಣ್ತಿಲ್ಲ ಮೇಡಂ" ಅಂದಳು. ಆ ಕೈಯಲ್ಲಿ ನರ ಕಾಣುವಂಥದ್ದೇ ಅಲ್ಲ, ಮುಟ್ಟಿದ್ದರೆ ತಕ್ಷಣ ಸಿಗುತ್ತಿತ್ತು. ಕಣ್ಣಲ್ಲಿ ಹುಡುಕುವ ಅಭ್ಯಾಸ ಅವಳಿಗೆ ಆಗಿದ್ದು ಈ ಪ್ಯಾಡ್‌ನಿಂದ. ಅವಳನ್ನು ಬೈಯಲು ನನಗೆ ಮನಸ್ಸಾಗಲಿಲ್ಲ.

ಪರ್ಯಾಯ ಹುಡುಕಿದೆ. ಜೆಲಟಿನ್ ಕುದಿಸಿ, ಐವಿ ಟ್ಯೂಬ್ ಮುಳುಗಿಸಿ ಮಾಡಿದ ಪ್ಯಾಡ್ ಅಗ್ಗ. ತೂತಾದರೆ ಮತ್ತೆ ಕರಗಿಸಿ ಹುಯ್ಯಬಹುದು. ಆದರೆ ನಮ್ಮ ಏಪ್ರಿಲ್ ಬಿಸಿಲಿಗೆ ಮೇಜಿನ ಮೇಲೆ ನಿಲ್ಲುವುದಿಲ್ಲ. ಚೈನಾ ಗ್ರಾಸ್ ಬಿಸಿಲು ತಡೆಯುತ್ತದೆ, ಆದರೆ ಸೂಜಿ ತಾಗಿದಲ್ಲೇ ಬಿರಿಯುತ್ತದೆ. ಸಿಲಿಕೋನನ್ನೇ ತಂದು ಎರಕ ಹಾಕುವ ಯೋಚನೆ ಇದ್ದವರು ಲ್ಯಾಟೆಕ್ಸ್ ಕೊಳವೆ ಬಳಸಬೇಡಿ. ಅದರಲ್ಲಿರುವ ಗಂಧಕದಿಂದ ಪ್ಲಾಟಿನಂ ಸಿಲಿಕೋನ್ (ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುವ ಬಗೆ) ಗಟ್ಟಿಯಾಗುವುದಿಲ್ಲ, ಕೊಳವೆಯ ಸುತ್ತ ಅಂಟಂಟಾಗಿ ಉಳಿಯುತ್ತದೆ.

ಈಗ ಪ್ಯಾಡ್ ಮೇಲೆ ತೆಳುವಾದ ಸಿಲಿಕೋನ್ ಹಾಳೆ ಹೊದಿಸಿದ್ದೇನೆ. ಪ್ರತಿ ಬ್ಯಾಚ್‌ಗೂ ಅದನ್ನು ತಿರುಗಿಸಿ ಹಾಕುತ್ತೇನೆ. ಕೆಳಗಿನ ಚುಕ್ಕಿಗಳು ಕಾಣುವುದಿಲ್ಲ, ಪುಟಿತ ಮಾತ್ರ ಸಿಗುತ್ತದೆ. ಮಕ್ಕಳು ಮತ್ತೆ ತೋರುಬೆರಳು ಇಟ್ಟು, ಒತ್ತಿ, ಹುಡುಕಿ ಚುಚ್ಚುತ್ತಿದ್ದಾರೆ. ಹೀಗಾಗಿ ಕೋಪ ಅರ್ಧ ಇಳಿದಿದೆ.

ಇನ್ನೊಂದು ಕೊರತೆ ಇದೆ. ವಯಸ್ಸಾದವರ ನರ ಸೂಜಿ ತಾಗಿದರೆ ಪಕ್ಕಕ್ಕೆ ಜಾರುತ್ತದೆ. ಕೆಳಗಡೆ ಹೆಬ್ಬೆರಳಿಂದ ಚರ್ಮ ಎಳೆದು ಹಿಡಿಯಬೇಕು. ಈ ಪ್ಯಾಡ್‌ನಲ್ಲಿ ಕೊಳವೆ ಸುತ್ತಲೂ ಕಚ್ಚಿಕೊಂಡಿದೆ, ಜಾರುವುದೇ ಇಲ್ಲ. ಅದನ್ನು ಇದರಲ್ಲಿ ಕಲಿಸಲಾಗುವುದಿಲ್ಲ.

ಐದಕ್ಕೆ ಮೂರು. ನರವನ್ನು ನೀಲಿ ಬಣ್ಣದಲ್ಲಿ ತೋರಿಸಿರುವ ಪ್ಯಾಡ್ ಎಷ್ಟೇ ಅಗ್ಗವಾದರೂ ಬೇಡ. ನೀವು ಕೊಳ್ಳುವುದಾದರೆ ಚರ್ಮವನ್ನಷ್ಟೇ ಬಿಚ್ಚಿ ಬದಲಾಯಿಸಬಹುದಾ, ಬಿಡಿ ಹಾಳೆಗೆ ಎಷ್ಟು ಅಂತ ಹಣ ಕಟ್ಟುವ ಮೊದಲೇ ಕೇಳಿ. ನನ್ನ ಮುಂದಿನ ಪ್ಯಾಡ್ ಅಂಥದ್ದೇ, ಬೆಲೆ ಜಾಸ್ತಿಯಾದರೂ ಸರಿ.