ಪ್ರಾಗ್‌ಗೆ ವೀಕೆಂಡ್ ಹೊರಟ ಜೋಡಿಗಳು ದುಡ್ಡು ಕಳೆದುಕೊಳ್ಳುವುದು ಹೀಗೆ

ಜರ್ಮನಿಯಲ್ಲಿ ಕೆಲಸಕ್ಕಿರುವ ಕನ್ನಡಿಗರಿಗೆ ಪ್ರಾಗ್ ಹತ್ತಿರದ ಊರು. ಡ್ರೆಸ್ಡೆನ್‌ನಿಂದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಶುಕ್ರವಾರ ಸಂಜೆ ಗಂಡ ಹೆಂಡತಿ ಹೊರಟರೆ ಭಾನುವಾರ ರಾತ್ರಿ ಮನೆಗೆ ವಾಪಸ್. ಆ ಅವಸರದಲ್ಲಿ ಎಷ್ಟೋ ಜನ ಅಲ್ಲಿ ಯೂರೊ ಚಲಾವಣೆಯಲ್ಲಿಲ್ಲ, ಕೊರುನಾ ಬೇಕು ಎಂಬುದನ್ನೇ ಸ್ಟೇಷನ್‌ನಲ್ಲಿ ಇಳಿದ ಮೇಲೆ ನೆನಪಿಸಿಕೊಳ್ಳುತ್ತಾರೆ. ಎದುರಿಗೆ ಕಂಡ ಎಟಿಎಂಗೆ ಕಾರ್ಡ್ ತೂರಿಸುತ್ತಾರೆ. ಎಡವುವುದು ಅಲ್ಲೇ.

ಪ್ರವಾಸಿಗರ ಜಾಗದ ಎಟಿಎಂಗಳು ಮೊದಲ ಪರದೆಯಲ್ಲೇ ದೊಡ್ಡ ದೊಡ್ಡ ಮೊತ್ತ ತೋರಿಸುತ್ತವೆ. ‘ಬೇರೆ ಮೊತ್ತ’ ಆಯ್ದು ನಿಮಗೆ ಬೇಕಾದಷ್ಟನ್ನೇ ಒತ್ತಿ. ಆಮೇಲೆ ಬರುವ ಪರದೆಯೇ ಮುಖ್ಯ: ನಿಮ್ಮ ಖಾತೆಯ ಹಣದಲ್ಲೇ, ಅಂದರೆ ಯೂರೊ ಇಲ್ಲವೇ ರೂಪಾಯಿಯಲ್ಲಿ, ಲೆಕ್ಕ ಹಾಕಿ ಕೊಡಲೇ ಎಂದು ಅದು ಕೇಳುತ್ತದೆ. ಒಪ್ಪಿದರೆ ನೂರಕ್ಕೆ ಹತ್ತರಷ್ಟು ಹೆಚ್ಚು ಕಡಿತವಾಗುವುದು ಅಪರೂಪವೇನಲ್ಲ. ಬೇಡ ಎಂದರೆ ವ್ಯವಹಾರವೇ ರದ್ದಾಗುತ್ತದೆ ಎಂದು ಹೆದರಿ ಬಹಳ ಜನ ಒಪ್ಪಿಬಿಡುತ್ತಾರೆ. ರದ್ದಾಗುವುದಿಲ್ಲ. ‘ಪರಿವರ್ತನೆ ಇಲ್ಲದೆ’ ಎಂಬುದನ್ನು ಒತ್ತಿ, ನೋಟು ಬರುತ್ತದೆ, ದರ ನಿಮ್ಮ ಬ್ಯಾಂಕಿನದಾಗಿರುತ್ತದೆ. ಯಂತ್ರ ಬೇರೆ ಶುಲ್ಕವನ್ನೂ ಕೇಳಿದರೆ ಕಾರ್ಡ್ ವಾಪಸ್ ಪಡೆದು, ಯಾವುದಾದರೂ ಬ್ಯಾಂಕ್ ಶಾಖೆಯ ಎಟಿಎಂಗೆ ಹೋಗಿ. ಹೋಟೆಲಿನಲ್ಲಿ ಬಿಲ್ ಕೊಡುವಾಗಲೂ ಇದೇ ಕತೆ. ಪಿನ್ ಒತ್ತುವ ಮುಂಚೆ ಕಾರ್ಡ್ ಯಂತ್ರದಲ್ಲಿ ಕೊರುನಾ ಇದೆಯೇ ನೋಡಿ.

ನೋಟು ಬದಲಿಸುವ ಅಂಗಡಿಗಳ ‘ಕಮಿಷನ್ ಇಲ್ಲ’ ಬೋರ್ಡಿಗೆ ಅರ್ಥವಿಲ್ಲ, ಲಾಭವೆಲ್ಲ ದರದೊಳಗೇ ಇರುತ್ತದೆ. ಕಣ್ಣಿಗೆ ಹೊಡೆಯುವ ಒಳ್ಳೆಯ ದರ ಅವರು ಯೂರೊ ಮಾರುವ ದರವಾಗಿರಬಹುದು. ನಿಮಗೆ ಬೇಕಾದದ್ದು ಅವರು ಕೊಳ್ಳುವ ದರ. ಯೂರೊಗೆ 24.5 ಸಿಗಬೇಕಾದ ಕಡೆ 17 ಕೊಟ್ಟರೆ, 200 ಯೂರೊಗೆ 1,500 ಕೊರುನಾ ಖೋತಾ. ಮೋಸಹೋದದ್ದು ಬೇಗ ಗೊತ್ತಾದರೆ ದಾರಿ ಇದೆ. 2019ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ, 1,000 ಯೂರೊ ಮೌಲ್ಯದವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸಬಹುದು. ರಸೀದಿ ಹಿಡಿದು ಅದೇ ಅಂಗಡಿಗೆ ಹೋಗಬೇಕು. ಬೀದಿಯಲ್ಲಿ ಬಂದು ‘ಒಳ್ಳೆ ದರ ಕೊಡ್ತೀನಿ’ ಎನ್ನುವವನಿಗೆ ಮಾತ್ರ ಈ ನಿಯಮ ಗಿಯಮ ಏನೂ ಇಲ್ಲ. ಅವನು ಕೈಗಿಡುವುದು ಚಲಾವಣೆ ನಿಂತ ಬೆಲಾರೂಸ್ ರೂಬಲ್ ಆಗಿರಬಹುದು.

ಓಲ್ಡ್ ಟೌನ್ ಚೌಕದ ಬಂಡಿಗಳಲ್ಲಿ ಸುಡುವ ಹಂದಿಮಾಂಸದ ಬೆಲೆ 100 ಗ್ರಾಂಗೆ. ಬೋರ್ಡಿನಲ್ಲಿ ಅದು ಸಣ್ಣಕ್ಷರದಲ್ಲಿರುತ್ತದೆ. ಎಷ್ಟು ಬೇಕೆಂದು ಹೇಳದಿದ್ದರೆ ಅವರು ಕತ್ತರಿಸಿದ್ದೇ ತೂಕ, ತಟ್ಟೆಗೆ 300, 400 ಗ್ರಾಂ ಬಿದ್ದಿರುತ್ತದೆ. ಸಸ್ಯಾಹಾರಿಗಳಿಗೆ ಇನ್ನೊಂದು ಮಾತು: ಪಕ್ಕದ ಬಾಣಲೆಯ ಆಲೂಗಡ್ಡೆ-ಎಲೆಕೋಸಿನಲ್ಲೂ ಸಾಮಾನ್ಯವಾಗಿ ಹಂದಿಮಾಂಸದ ಚೂರು ಇರುತ್ತದೆ, ಕೇಳದೆ ತಗೋಬೇಡಿ.

ಮೆಟ್ರೊ, ಟ್ರಾಮ್‌ನ ಕಾಗದದ ಟಿಕೆಟ್ ಕೊಂಡರಷ್ಟೇ ಸಾಲದು, ಹಳದಿ ಪೆಟ್ಟಿಗೆಯಲ್ಲಿ ತೂರಿಸಿ ಮುದ್ರೆ ಹಾಕಿಸಬೇಕು. ಮೆಟ್ರೊದಲ್ಲಿ ಎಸ್ಕಲೇಟರ್ ಇಳಿಯುವ ಮುನ್ನ, ಟ್ರಾಮ್‌ನಲ್ಲಿ ಹತ್ತಿದ ಕೂಡಲೇ. ಒಂದೇ ಸಲ. ಇಬ್ಬರಿಗೆ ಎರಡು ಟಿಕೆಟ್. ಟ್ರಾಮ್‌ನೊಳಗಿನ ಯಂತ್ರದಲ್ಲಿ ಕಾರ್ಡ್‌ನಿಂದ ಕೊಂಡ ಟಿಕೆಟ್‌ಗೆ ಮುದ್ರೆ ಬೇಡ. ತಪಾಸಣೆಯವರು ಸಾಮಾನ್ಯ ಬಟ್ಟೆಯಲ್ಲೇ ಬರುತ್ತಾರೆ, ‘ಗೊತ್ತಿರಲಿಲ್ಲ’ ಎಂದರೆ ದಂಡ ಕಡಿಮೆಯಾಗದು.

1410ರ ಖಗೋಳ ಗಡಿಯಾರ ಗಂಟೆ ಬಾರಿಸುವಾಗ ಕೆಳಗಿರುವ ಜನವೆಲ್ಲ ತಲೆಯೆತ್ತಿ ನಿಂತಿರುತ್ತಾರೆ. ಜೇಬುಗಳ್ಳರಿಗೆ ಇನ್ನೇನು ಬೇಕು! ಒಬ್ಬರು ಬೊಂಬೆಗಳನ್ನು ನೋಡಿ, ಇನ್ನೊಬ್ಬರು ಬ್ಯಾಗ್ ನೋಡಿಕೊಳ್ಳಿ. ಮುಂದಿನ ಗಂಟೆಗೆ ಪಾಳಿ ಬದಲಿಸಿ. ಕೋಟೆಗೆ ಹೋಗುವ 22ನೇ ನಂಬರ್ ಟ್ರಾಮ್‌ನಲ್ಲೂ ಬ್ಯಾಗ್ ಎದೆಗೇ ಇರಲಿ.

ವೀಕೆಂಡ್‌ನವರಿಗೆ ಹೆಚ್ಚು ಕೈಕೊಡುವುದು ದಿನಗಳ ಲೆಕ್ಕಾಚಾರ. ಯಹೂದಿ ಮ್ಯೂಸಿಯಂನ ಸಿನಗಾಗ್‌ಗಳು (ಯಹೂದಿಗಳ ಪ್ರಾರ್ಥನಾ ಮಂದಿರಗಳು), ಹಳೆಯ ಸ್ಮಶಾನ ಶನಿವಾರ ಮುಚ್ಚಿರುತ್ತವೆ. ಕೋಟೆಯೊಳಗಿನ ಸೇಂಟ್ ವೀಟಸ್ ಚರ್ಚ್ ಭಾನುವಾರ ಬೆಳಿಗ್ಗೆ ಪ್ರಾರ್ಥನೆಗೆ ಮೀಸಲು, ಪ್ರವಾಸಿಗರಿಗೆ ಮಧ್ಯಾಹ್ನ 12ರ ಮೇಲೆ. ಶನಿವಾರ ಯಹೂದಿ ಮ್ಯೂಸಿಯಂ, ಭಾನುವಾರ ಬೆಳಿಗ್ಗೆ ಕೋಟೆಯ ಚರ್ಚ್ ಎಂದು ಇಟ್ಟುಕೊಂಡರೆ ಎರಡೂ ಕಡೆ ಬಾಗಿಲು ನೋಡಿ ಬರಬೇಕಾಗುತ್ತದೆ. ತಿರುಗಿಸಿ ಇಟ್ಟುಕೊಳ್ಳಿ.