ಅರವತ್ತೈದು ದಾಟಿದವರ ಆರ್‌ವಿ: ವ್ಯಾನೋ, ಕ್ಲಾಸ್ ಸಿಯೋ, ಟ್ರೇಲರೋ?

ಮೊದಲೇ ಹೇಳಿಬಿಡುತ್ತೇನೆ: ಅಮೆರಿಕದಲ್ಲಿ ನಿವೃತ್ತರಾಗಿ, ಗಂಡ ಹೆಂಡತಿ ಇಬ್ಬರೇ ಆರ್‌ವಿಯಲ್ಲಿ (ಹಾಸಿಗೆ, ಅಡುಗೆಮನೆ ಇರುವ ಗಾಡಿಯಲ್ಲಿ) ಸುತ್ತಾಡಬೇಕು ಅನ್ನುವವರಿಗೆ ನನ್ನ ಓಟು ಕ್ಲಾಸ್ ಬಿ ವ್ಯಾನಿಗೆ. ಹೊಸದಾದರೆ ಲಕ್ಷ ಡಾಲರ್ ದಾಟುವುದು ಮಾಮೂಲು. ಒಬ್ಬರು ದೋಸೆ ಹುಯ್ಯುತ್ತಿದ್ದರೆ ಇನ್ನೊಬ್ಬರು ಹಾಸಿಗೆ ಮೇಲೆ ಕಾಲು ಮಡಚಿ ಕೂರಬೇಕು. ಆದರೂ ಅದೇ. ಕಾರಣ ಇರುವುದು ಹಿಂದಿನ ಚಕ್ರದಲ್ಲಿ.

ಓಡಿಸಿ ನೋಡಿ ಹೋಲಿಸಿದ್ದು ಮೂರು: ರಾಮ್ ಪ್ರೋಮಾಸ್ಟರ್ ಎಂಬ ಸರಕು ವ್ಯಾನಿನೊಳಗೇ ಮನೆ ಕಟ್ಟಿದ, 21 ಅಡಿಯೊಳಗಿನ ಕ್ಲಾಸ್ ಬಿ ವ್ಯಾನ್, ಫೋರ್ಡ್ ಇ-450ರ ಚಾಸಿ ಮೇಲೆ ಮನೆಯ ಪೆಟ್ಟಿಗೆ ಕೂರಿಸಿದ ಕ್ಲಾಸ್ ಸಿ, ಎಸ್‌ಯುವಿ ಎಳೆಯುವ ಟ್ರೇಲರ್.

ಇ-450ಗೆ ಹಿಂದೆ ಪ್ರತಿ ಬದಿಗೂ ಜೋಡಿ ಟಯರು. ಹೊರಗಿನದನ್ನು ಯಾರಾದರೂ ನೋಡಿಕೊಳ್ಳಬಹುದು. ಒಳಗಿನದರ ವಾಲ್ವ್ ಸಿಗಬೇಕಾದರೆ ನೆಲಕ್ಕೆ ಮಂಡಿಯೂರಿ, ಹೊರಚಕ್ರದ ತೂತಿನೊಳಗೆ ಕೈ ತೂರಿಸಿ, ತಡಕಾಡಿ ಮುಚ್ಚಳ ಬಿಚ್ಚಬೇಕು. ಒತ್ತಡ ಅಳೆಯುವ ಗೇಜು ಸೊಟ್ಟಗೆ ಕೂತರೆ ಬುಸ್ಸೆಂದು ಗಾಳಿ ಹೋಗುತ್ತದೆ. ತುಂಬೋಣವೆಂದರೆ ಪೆಟ್ರೋಲ್ ಬಂಕಿನ ಪೈಪಿನ ತಲೆ ಅಲ್ಲಿ ಹಿಡಿಸುವುದಿಲ್ಲ. ಮಂಡಿ ನೋವಿನವರು ಎರಡು ದಿನ ಮಾಡುತ್ತಾರೆ. ಮೂರನೇ ದಿನ ‘ನಿನ್ನೆ ಸರಿಯಿತ್ತಲ್ಲ’ ಅಂದು ಹೊರಟುಬಿಡುತ್ತಾರೆ.

ಆಮೇಲಿನದು ಬರೀ ಲೆಕ್ಕ. ಎಲ್‌ಟಿ 225/75 ಆರ್ 16 (ಇದು ಟಯರಿನ ಅಳತೆ), ಲೋಡ್ ರೇಂಜ್ ಇ (ಇದು ಭಾರ ಹೊರುವ ದರ್ಜೆ) ಟಯರು 80 ಪಿಎಸ್‌ಐ ಗಾಳಿಯ ಒತ್ತಡದಲ್ಲಿ ಜೋಡಿಯಲ್ಲಿದ್ದಾಗ ತಲಾ 2,470 ಪೌಂಡ್ ಹೊರಬಲ್ಲದು, ಒಂಟಿಯಾಗಿ 2,680. ಒಳಗಿನದು ಇಳಿದುಹೋದರೂ ಗಾಡಿ ವಾಲುವುದಿಲ್ಲ, ಹೊರಗಿನದು ಸದ್ದಿಲ್ಲದೆ ಇಬ್ಬರ ಭಾರವನ್ನೂ ಹೊರುತ್ತದೆ. ಎರಡೂ ಟಯರುಗಳ ಪಕ್ಕಗಳು ಬಾಗಿ ಬಾಗಿ ಬಿಸಿಯಾಗುತ್ತವೆ, ಕೊನೆಗೆ ಹೆದ್ದಾರಿಯಲ್ಲಿ ಸಿಡಿಯುತ್ತವೆ. ಆಗ ಬ್ರೇಕ್ ತುಳಿಯಬಾರದು. ಸ್ಟೀರಿಂಗ್ ನೇರ ಹಿಡಿದು, ವೇಗ ತಾನಾಗಿ ಇಳಿಯಲು ಬಿಟ್ಟು, ಆಮೇಲೆ ಪಕ್ಕಕ್ಕೆ ತರಬೇಕು.

ಗಾಡಿಯೇ ಎಚ್ಚರಿಸಬಾರದೇ? 10,000 ಪೌಂಡ್‌ವರೆಗಿನ ಹೊಸ ಗಾಡಿಗಳಿಗೆ ಟಯರ್ ಒತ್ತಡದ ದೀಪ ಅಮೆರಿಕದಲ್ಲಿ 2007ರಿಂದ ಕಡ್ಡಾಯ. ಆದರೆ ಜೋಡಿ ಚಕ್ರದವಕ್ಕೆ ವಿನಾಯಿತಿ, ಜೊತೆಗೆ ಇ-450 ತೂಕದ ಮಿತಿ 14,500 ಪೌಂಡ್. ಒಳಗಿನ ಚಕ್ರಕ್ಕೆ ಎಲ್ಲರಿಗಿಂತ ಹೆಚ್ಚು ಬೇಕಾದ ದೀಪ, ಅದಕ್ಕೇ ಇಲ್ಲ! ವ್ಯಾನಿಗೆ ನಾಲ್ಕೇ ಟಯರು, ನಾಲ್ಕೂ ನಿಂತೇ ಕಾಣುತ್ತವೆ, ದೀಪವೂ ಇದೆ. ಆ ದೀಪ ಹತ್ತುವುದು ಒತ್ತಡ ಶೇ. 25 ಇಳಿದ ಮೇಲೆ, ಅಂದರೆ 80 ಇರಬೇಕಾದದ್ದು 60ಕ್ಕೆ ಬಂದಾಗ. ಹಾಗಾಗಿ ಗೇಜು ಬಿಡುವಂತಿಲ್ಲ. ಗಾಡಿ ಮೂರು ಗಂಟೆ ನಿಂತ ಮೇಲೆ, ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ನೋಡಿ ತುಂಬಿ.

ಕ್ಲಾಸ್ ಸಿಯೇ ಬೇಕೆಂದರೆ ಮೊದಲ ಖರ್ಚು ಉದ್ದನೆಯ ಗಟ್ಟಿ ಉಕ್ಕಿನ ವಾಲ್ವ್ ಸ್ಟೆಮ್‌ಗಳು, ಅಂದರೆ ಗಾಳಿ ತುಂಬುವ ಕೊಳವೆಗಳು. ಬಾಗುವ ಎಕ್ಸ್‌ಟೆನ್ಶನ್ ಪೈಪು ಬೇಡ. ಚಕ್ರ ತಿರುಗುವಾಗ ಅಲುಗಾಡಿ ಅದೇ ಸೋರುತ್ತದೆ. ಟಯರ್ ಒತ್ತಡ ತೋರಿಸುವ, ಆರು ಸೆನ್ಸರಿನ ಪ್ರತ್ಯೇಕ ಮಾನಿಟರನ್ನೂ ಉಕ್ಕಿನ ಸ್ಟೆಮ್ ಮೇಲೇ ಕೂರಿಸಿ, ರಬ್ಬರಿನದಾದರೆ ಸೆನ್ಸರಿನ ಭಾರಕ್ಕೆ ಬುಡ ಸೀಳುತ್ತದೆ. ಚಕ್ರ ಬಿಚ್ಚಿ ಹಾಕಿದ ಮೇಲೆ ನಟ್ಟುಗಳನ್ನು 140 ಪೌಂಡ್-ಅಡಿಗೆ ಬಿಗಿಸಿ, 100 ಮೈಲಿ ಓಡಿಸಿ ಮತ್ತೊಮ್ಮೆ ಬಿಗಿಸಬೇಕು. ಲಾರಿಯವರಂತೆ ಕೋಲಿನಲ್ಲಿ ತಟ್ಟಿ ನೋಡುವವರಿದ್ದಾರೆ. ಪೂರ್ತಿ ಇಳಿದದ್ದು ಗೊತ್ತಾದೀತು, 80ಕ್ಕೂ 60ಕ್ಕೂ ಇರುವ ವ್ಯತ್ಯಾಸ ಗೊತ್ತಾಗದು.

ಕ್ಲಾಸ್ ಸಿಯ ಇನ್ನೊಂದು ತಾಪತ್ರಯ ಬಾಲ. ಹಿಂದಿನ ಚಕ್ರದಾಚೆ ಚಾಚಿದ ಪ್ರತಿ ಮೂರು ಅಡಿಗೆ, ತಿರುಗುವಾಗ ಬಾಲ ಸುಮಾರು ಒಂದು ಅಡಿ ಆಚೆ ಬೀಸುತ್ತದೆ. ಬಂಕಿನ ಕಂಬಗಳಿಗೆ ತಗಲುವುದು ಹೀಗೆಯೇ. ಮುಂದಿನ ಸೀಟಿನಿಂದ ಒಳಗೆ ಹೋಗಲು ಎಂಜಿನ್ನಿನ ದಿಬ್ಬ ದಾಟಬೇಕು. ಪ್ರೋಮಾಸ್ಟರಿನಲ್ಲಿ ಎದ್ದು ನಡೆದುಹೋದರಾಯಿತು.

ಟ್ರೇಲರ್ ಅಗ್ಗ. ಆದರೆ ಪ್ರತಿ ಸಲ ಕೊಂಡಿಯ ಬಾಲ್, ಅಡ್ಡಡ್ಡ ಕಟ್ಟುವ ಸರಪಳಿ, ಬ್ರೇಕ್‌ಅವೇ ತಂತಿ (ಕೊಂಡಿ ಕಳಚಿದರೆ ಟ್ರೇಲರಿನ ಬ್ರೇಕ್ ಹಾಕುವುದು), ಏಳು ಪಿನ್ನಿನ ಪ್ಲಗ್ಗು, ಒಂದೂ ಮರೆಯುವಂತಿಲ್ಲ. ಟ್ರೇಲರಿನ ಒಟ್ಟು ತೂಕದ ಶೇ. 10ರಿಂದ 15 ಮೂತಿಯ, ಅಂದರೆ ಕೊಂಡಿಯ ಮೇಲಿರಬೇಕು. ಕಡಿಮೆಯಾದರೆ ಅದು ಹಾವಿನಂತೆ ತೊನೆಯುತ್ತದೆ. ಕತ್ತು ಹೊರಳದವರು ರಿವರ್ಸ್ ತೆಗೆಯುವ ಮಾತೇ ಬೇಡ.

ವ್ಯಾನಿನ ದೋಷ: ಮುಂಚಕ್ರದ ಡ್ರೈವ್, ಒದ್ದೆ ಹುಲ್ಲಿನಲ್ಲಿ ಜಾರುತ್ತದೆ. ಒಂದು ಗುಣವೂ ಇದೆ: ಮೊಂಟಾನಾದ ಗ್ಲೇಸಿಯರ್ ಪಾರ್ಕಿನ ಗೋಯಿಂಗ್-ಟು-ದಿ-ಸನ್ ರಸ್ತೆಯ ಬೆಟ್ಟದ ಭಾಗಕ್ಕೆ 21 ಅಡಿ ದಾಟಿದ್ದನ್ನು ಬಿಡುವುದಿಲ್ಲ. ಉದ್ದದ ಮಟ್ಟಿಗೆ ವ್ಯಾನ್ ಪಾಸು.

ನನ್ನ ಲೆಕ್ಕ ದಿನಕ್ಕೆ 250 ಮೈಲಿ, ಸಂಜೆ ನಾಲ್ಕಕ್ಕೆ ಗಾಡಿ ನಿಲ್ಲಿಸುವುದು, ಕತ್ತಲಲ್ಲಿ ಓಡಿಸದಿರುವುದು. ಅಷ್ಟಕ್ಕೆ ಸೆಕೆಂಡ್‌ಹ್ಯಾಂಡ್ ವ್ಯಾನ್ ಧಾರಾಳ. ಮೊಮ್ಮಕ್ಕಳೂ ಬರುತ್ತಾರೆ ಅಂದರೆ ಮಾತ್ರ ಕ್ಲಾಸ್ ಸಿ.

ಯಾವುದನ್ನೇ ಹಳೆಯದು ಕೊಂಡರೂ ಟಯರಿನ ಮೇಲಿನ ಡಾಟ್ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ: 2319 ಅಂದರೆ 2019ರ 23ನೇ ವಾರ. ಆರ್‌ವಿಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು, ಗ್ರಿಪ್ ಹೊಸದರಂತಿದ್ದರೂ ರಬ್ಬರ್ ಮುದಿಯಾಗಿರುತ್ತದೆ. ಏಳು ವರ್ಷ ದಾಟಿದ್ದರೆ ಹೊಸ ಟಯರಿನ ದುಡ್ಡನ್ನು ಬೆಲೆಯಲ್ಲೇ ಕಳೆಯಿರಿ. ಈ ಅಂಕಿಗಳು ಕೆಲವೊಮ್ಮೆ ಟಯರಿನ ಒಂದೇ ಬದಿಯಲ್ಲಿರುತ್ತವೆ. ಹೊರಗೆ ಕಾಣದಿದ್ದರೆ ಮೊಬೈಲನ್ನು ಗಾಡಿಯಡಿಗೆ ಚಾಚಿ ಫೋಟೊ ತೆಗೆದು ನೋಡಿ.