‘ಸಿಟಿಗೆ ಬರೀ 38 ನಿಮಿಷ’: ಆರು ವರ್ಷ ಇದ್ದು ಬರೆದ ರಿವ್ಯೂ

ಫೋನು ಕೊಂಡರೆ ವಾರದೊಳಗೆ ರಿವ್ಯೂ ಬರೆಯುತ್ತೇವೆ. ಮನೆ ಕೊಂಡವರು ಮಾತ್ರ ಬಾಯಿ ಬಿಡುವುದಿಲ್ಲ. ಸಾಲ ಇನ್ನೂ ತೀರಿರುವುದಿಲ್ಲ, ಹಳಿಯೋಕೆ ಮನಸ್ಸೂ ಬರುವುದಿಲ್ಲ. ನಾನೂ ಆರು ವರ್ಷ ಸುಮ್ನೆ ಇದ್ದೆ. ಗೋಡೆ, ನಲ್ಲಿ, ಟೈಲ್ಸ್ ಎಲ್ಲ ಚೆನ್ನಾಗೇ ಇವೆ, ಅವುಗಳ ತಂಟೆಗೆ ಹೋಗಲ್ಲ. ಸಿಟಿಯಾಚೆಯ ಬಡಾವಣೆಯಲ್ಲಿ ಮನೆ ಮಾಡಿಕೊಂಡು ದಿನಾ ಸಿಟಿಗೆ ಹೋಗಿ ಬರುವ ಬಾಳು ಹೇಗಿದೆ ಅಂತ ಅಷ್ಟೇ ಹೇಳುತ್ತೇನೆ.

ಮೊದಲು ಆ 38 ನಿಮಿಷದ ಕಥೆ. ಮನೆ ಮಾರುವವರು ಕೊಟ್ಟ ಬಣ್ಣದ ಪುಸ್ತಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಇದ್ದದ್ದು ಅದೇ. ಸುಳ್ಳೇನಲ್ಲ. ನಮ್ಮ ಸ್ಟೇಷನ್ ಬಿಟ್ಟ ರೈಲು ಸಿಟಿ ಸ್ಟೇಷನ್ ಮುಟ್ಟೋಕೆ 38 ನಿಮಿಷವೇ ಬೇಕು. ಆದರೆ ನಾನು ಪ್ಲಾಟ್‌ಫಾರ್ಮ್ ಮೇಲೆ ಮಲಗುವುದಿಲ್ಲ, ನನ್ನ ಆಫೀಸೂ ಆ ಕಡೆಯ ಪ್ಲಾಟ್‌ಫಾರ್ಮ್ ಮೇಲಿಲ್ಲ. ಮನೆಯಿಂದ ಸ್ಟೇಷನ್‌ಗೆ ನಡೆಯೋಕೆ 16 ನಿಮಿಷ. ರೈಲಿಗೆ ಕಾಯೋದು 7. ಇಳಿದ ಮೇಲೆ ಇನ್ನೊಂದು 12. ಒಟ್ಟು 73. ಎರಡೂ ಕಡೆ ಸೇರಿಸಿ, ತಿಂಗಳಿಗೆ 22 ದಿನದಂತೆ ವರ್ಷದಲ್ಲಿ ಹನ್ನೊಂದು ತಿಂಗಳು ಗುಣಿಸಿ ನೋಡಿದೆ. 24 ದಿನಕ್ಕೂ ಜಾಸ್ತಿ ಬಂತು. ಹಗಲೂ ರಾತ್ರಿ ಸೇರಿದ 24 ದಿನ! ಆ ರಾತ್ರಿ ನಮ್ಮನೆಯವರಿಗೆ ಈ ಲೆಕ್ಕ ತೋರಿಸಿದೆ. ‘ಕ್ಯಾಲ್ಕುಲೇಟರ್ ಒಳಗಿಡು’ ಅಂದರು.

ಹೀಗೆ ಪುಸ್ತಿಕೆ ತೋರಿಸಿ ಆಸೆ ಹುಟ್ಟಿಸುವ ಚಾಳಿ ಇವತ್ತಿನದಲ್ಲ. ಲಂಡನ್ನಿನ ಮೆಟ್ರೋಪಾಲಿಟನ್ ರೈಲ್ವೆ ತನ್ನ ಹಳಿಯ ಅಕ್ಕಪಕ್ಕದ ಊರುಗಳಿಗೆ ‘ಮೆಟ್ರೋಲ್ಯಾಂಡ್’ ಅಂತ ಹೆಸರಿಟ್ಟು, 1915ರಲ್ಲೇ ಆ ಹೆಸರಿನ ಪುಸ್ತಿಕೆ ತಂದಿತ್ತು. ಮುಂದೆ ಅದರ ಜೊತೆಗಿನ ಕಂಪನಿಯೇ ಅಲ್ಲಿ ಮನೆಗಳನ್ನೂ ಮಾರಿತು. ಜಾಣರು ಬಿಡಿ. ಅಲ್ಲಿ ಮನೆ ಕೊಂಡವನು ದಿನಾ ಟಿಕೆಟ್ಟನ್ನೂ ಕೊಳ್ಳಲೇಬೇಕಲ್ಲ.

ಇನ್ನು ಆ 16 ನಿಮಿಷದ ನಡಿಗೆ. ನನ್ನ ದೊಡ್ಡ ತಕರಾರು ಇದರ ಮೇಲೇ. ನಮ್ಮ ತಾರಸಿ ಮೇಲೆ ನಿಂತರೆ ಸ್ಟೇಷನ್ನಿನ ಗಡಿಯಾರ ಕಾಣುತ್ತದೆ, ಮೈಕಿನಲ್ಲಿ ಹೇಳುವುದೂ ಕೇಳುತ್ತದೆ. ಕಾಗೆ ಹಾರಿದಂತೆ ಹೋದರೆ ಐದು ನಿಮಿಷದ ದಾರಿ. ಆದರೆ ಬಡಾವಣೆಗೆ ಇರುವುದು ಒಂದೇ ಗೇಟು. ಅದೂ ಸ್ಟೇಷನ್ನಿಗೆ ಬೆನ್ನು ಹಾಕಿ ನಿಂತಿದೆ. ಮಧ್ಯೆ ಉದ್ದಕ್ಕೂ ಕಾಂಪೌಂಡ್ ಗೋಡೆ. ಹಾಗಾಗಿ ಮೊದಲು ಉಲ್ಟಾ ದಿಕ್ಕಿಗೆ ನಡೆದು, ಗೇಟು ದಾಟಿ, ಗೋಡೆಯನ್ನು ಸುತ್ತಿಕೊಂಡು ಬರಬೇಕು.

ಗೋಡೆಯ ಮೂಲೆಯಲ್ಲಿ ಯಾರೋ ಒಂದು ಕಿಂಡಿ ಮಾಡಿದ್ದರು. ನಾಲ್ಕು ಸಿಮೆಂಟ್ ಇಟ್ಟಿಗೆ ತೆಗೆದು, ಅವನ್ನೇ ಕೆಳಗೆ ಮೆಟ್ಟಿಲಿನ ಹಾಗೆ ಜೋಡಿಸಿದ್ದರು. ಬ್ಯಾಗನ್ನು ಮೊದಲು ಆಚೆ ಇಡಬೇಕು, ಆಮೇಲೆ ಎಡಗಾಲು, ತಲೆ ಬಗ್ಗಿಸಿ ಬಲಗಾಲು. ಆರೇ ನಿಮಿಷಕ್ಕೆ ಸ್ಟೇಷನ್! ಅಂಚಿನ ಇಟ್ಟಿಗೆ ಎಷ್ಟೋ ಜನರ ಕೈ ತಾಗಿ ನುಣ್ಣಗಾಗಿತ್ತು. ಸಂಘದವರು ಭದ್ರತೆ ಅಂತ ಹೇಳಿ ಅದನ್ನು ಮುಚ್ಚಿಸಿದರು. ಎರಡು ತಿಂಗಳಿಗೆ ಮತ್ತೆ ತೆರೆಯಿತು. ಮತ್ತೆ ಮುಚ್ಚಿಸಿದರು. ಮುಚ್ಚಿಸಿದವರೆಲ್ಲ ಕಾರಿನವರು ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ?

ರೈಲಿನ ಬಗ್ಗೆ ಮಾತ್ರ ನನಗೆ ದೂರಿಲ್ಲ. ನೂಕುನುಗ್ಗಲು ಇದೆ, ಒಪ್ಪಿಕೊಳ್ಳುತ್ತೇನೆ. ಆದರೆ ಅದಕ್ಕೊಂದು ವಿದ್ಯೆ ಇದೆ. ನೀರಿನ ನಲ್ಲಿಯಿಂದ ಮೂರು ಹೆಜ್ಜೆ ಮುಂದೆ ನಿಂತರೆ ನಾಲ್ಕನೇ ಬೋಗಿಯ ಬಾಗಿಲು ಸರಿಯಾಗಿ ಎದುರಿಗೆ ಬರುತ್ತದೆ. ಇದನ್ನು ಕಲಿಯೋಕೆ ನನಗೆ ಐದು ತಿಂಗಳು ಬೇಕಾಯಿತು. ಅಲ್ಲಿ ನನ್ನ ಜೊತೆ ದಿನಾ ನಿಲ್ಲುವ ಒಬ್ಬ ಹೆಂಗಸಿದ್ದಾರೆ. ಹೆಸರು ಗೊತ್ತಿಲ್ಲ. ಮೊದಲು ಹತ್ತಿದವರು ಪಕ್ಕದ ಸೀಟಿಗೆ ಬ್ಯಾಗು ಇಡೋದು, ಅಷ್ಟೇ ನಮ್ಮ ಸ್ನೇಹ. ಒಮ್ಮೆ ಎರಡು ವಾರ ಅವರು ಬರಲೇ ಇಲ್ಲ. ದಿನಾ ಬ್ಯಾಗು ಇಟ್ಟು, ಮೂರನೇ ಸ್ಟೇಷನ್ ಆದ ಮೇಲೆ ತೆಗೆದೆ. ಮೂರನೇ ವಾರ ಕೈಗೆ ಪ್ಲಾಸ್ಟರ್ ಹಾಕಿಕೊಂಡು ಬಂದರು. ‘ಜಾರಿಬಿಟ್ಟೆ’ ಅಂದರು. ‘ಹೌದಾ’ ಅಂದೆ. ಆರು ವರ್ಷದಲ್ಲಿ ನಮ್ಮ ಅತಿ ದೊಡ್ಡ ಮಾತುಕತೆ ಅದು.

ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಜೊತೆಯವರು ಟೆಕ್ಸಾಸಿನ 909 ದುಡಿಯುವ ಹೆಂಗಸರನ್ನು, ದಿನದ ಯಾವ ಹೊತ್ತು ಹೇಗನ್ನಿಸಿತು ಅಂತ ಕೇಳಿದ್ದರು. 2004ರಲ್ಲಿ ಬಂದ ಆ ಪಟ್ಟಿಯಲ್ಲಿ ಬೆಳಗ್ಗೆ ಕೆಲಸಕ್ಕೆ ಹೋಗುವ ಪ್ರಯಾಣ ತೀರಾ ಕೆಳಗಿತ್ತು. ನನ್ನನ್ನು ಸೀಟು ಸಿಕ್ಕ ದಿನ ಕೇಳಿದ್ದರೆ ಬೇರೆ ಉತ್ತರ ಕೊಡುತ್ತಿದ್ದೆ. ನಾನು ಓದಿದ ಪುಸ್ತಕಗಳಲ್ಲಿ ಮುಕ್ಕಾಲು ಪಾಲು ಆ ನಾಲ್ಕನೇ ಬೋಗಿಯಲ್ಲೇ ಓದಿದ್ದು. ಮನೆಯಲ್ಲಿ ಹತ್ತು ಪುಟ ಓದೋಕೆ ಯಾರು ಬಿಡುತ್ತಾರೆ?

ನಮ್ಮನೆಯವರದು ಕಾರು. ಅವರ ಆಫೀಸು ರೈಲಿಗೆ ಸಿಗದ ಕಡೆ. ಒಂದು ದಿನ 45 ನಿಮಿಷ, ಇನ್ನೊಂದು ದಿನ ಒಂದೂವರೆ ಗಂಟೆ. ದೂರಕ್ಕಿಂತ ಇದೇ ಅವರನ್ನು ಸುಸ್ತು ಮಾಡುವುದು. ಎಷ್ಟು ಹೊತ್ತಾಗುತ್ತೆ ಅಂತ ಗೊತ್ತಿದ್ದರೆ ಮನಸ್ಸು ಹೊಂದಿಕೊಳ್ಳುತ್ತದೆ. ಗೊತ್ತಿಲ್ಲದಿದ್ದರೆ ಪ್ರತಿ ಸಿಗ್ನಲ್ಲಿನಲ್ಲೂ ಹಲ್ಲು ಕಡಿಯುತ್ತಾ ಕೂರಬೇಕು. ಬಾಗಿಲು ತೆಗೆದ ಕೂಡಲೇ ಮುಖ ನೋಡಿ ಇವತ್ತು ಎಷ್ಟಾಯಿತು ಅಂತ ನಾನು ಹೇಳಬಲ್ಲೆ. ಮಧ್ಯೆ ರಸ್ತೆ ಅಗಲ ಮಾಡಿದರು. ಆರು ತಿಂಗಳು ಆರಾಮಾಗಿತ್ತು. ಆಮೇಲೆ ಆ ಜಾಗಕ್ಕೂ ಕಾರುಗಳು ಬಂದು ತುಂಬಿಕೊಂಡವು.

ಇಟಲಿಯ ಭೌತವಿಜ್ಞಾನಿ ಚೇಸರೆ ಮಾರ್ಕೆಟ್ಟಿ ಅನ್ನುವವರು 1994ರಲ್ಲಿ ಒಂದು ಮಾತು ಹೇಳಿದ್ದರು. ನಡೆದು ಹೋಗುತ್ತಿದ್ದ ಕಾಲದಲ್ಲೂ ಕಾರಿನ ಕಾಲದಲ್ಲೂ ಮನುಷ್ಯ ಓಡಾಟಕ್ಕೆ ಕೊಡುವುದು ದಿನಕ್ಕೆ ಸುಮಾರು ಒಂದು ಗಂಟೆಯೇ ಅಂತೆ. ವೇಗ ಹೆಚ್ಚಿದರೆ ಸಮಯ ಉಳಿಯುವುದಿಲ್ಲ, ಮನೆ ಇನ್ನಷ್ಟು ದೂರ ಹೋಗುತ್ತದೆ. ನಾವಿಬ್ಬರೂ ಆ ಗಂಟೆಯನ್ನು ಯಾವಾಗಲೋ ದಾಟಿದ್ದೇವೆ.

ರಾತ್ರಿಯ ಕೊನೆ ರೈಲು 10.40ಕ್ಕೆ. ಸಿಟಿಯಲ್ಲಿ ಏನೇ ನಡೆಯುತ್ತಿದ್ದರೂ ಹತ್ತಕ್ಕೆ ಎದ್ದು ಹೊರಡಬೇಕು. ಎಷ್ಟೋ ನಾಟಕಗಳ ಕೊನೆ ಏನಾಯಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಹಳೆ ಗೆಳತಿಯರು ‘ನಿನಗೆ ದೂರ ಆಗುತ್ತೆ, ಬಿಡು’ ಅಂತ ಕಾಳಜಿಯಿಂದಲೇ ಕರೆಯುವುದನ್ನು ಬಿಟ್ಟರು.

ಇಷ್ಟೆಲ್ಲ ಹೇಳಿದ ಮೇಲೂ ಯಾಕೆ ಇಲ್ಲೇ ಇದ್ದೀರಿ ಅಂತ ಕೇಳಬಹುದು. ಹೋದ ವರ್ಷ ಜ್ವರ ಬಂದು ನಾಲ್ಕು ದಿನ ಮನೆಯಲ್ಲಿದ್ದೆ. ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಅಡುಗೆಮನೆಗೆ ಹೋದರೆ, ಕಿಟಕಿಯಿಂದ ಬಿಸಿಲು ಬಂದು ನೆಲದ ಮೇಲೆ ಉದ್ದಕ್ಕೆ ಬಿದ್ದಿತ್ತು. ನಮ್ಮ ಅಡುಗೆಮನೆಗೆ ಬಿಸಿಲು ಬರುತ್ತೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಹೊರಗೆ ಬಂದೆ. ನಮ್ಮ ಬೀದಿ ಕೊನೆಯಲ್ಲಿ ಮುಚ್ಚಿದೆ, ಹಾದು ಹೋಗುವ ಗಾಡಿಗಳಿಲ್ಲ. ಇನ್ನೂ ಶಾಲೆಗೆ ಸೇರದ ಮೂರು ಮಕ್ಕಳು ನಡುರಸ್ತೆಯಲ್ಲೇ ಕೂತು ಸೀಮೆಸುಣ್ಣದಲ್ಲಿ ಏನೋ ಬರೆಯುತ್ತಿದ್ದರು. ಮರದ ಕೆಳಗೆ ಅತ್ತೆ, ಸುತ್ತ ಐದಾರು ಜನ, ಜೋರು ನಗು. ಅವರಿಗೆ ಇಲ್ಲಿ ಎಲ್ಲರ ಹೆಸರೂ ಗೊತ್ತು, ಯಾರ ಮೊಣಕಾಲು ನೋಯುತ್ತೆ ಅಂತಲೂ ಗೊತ್ತು. ಒಬ್ಬ ಅಜ್ಜ ನನ್ನನ್ನು ನೋಡಿ, ‘ನೀನು ಇವರ ಸೊಸೆ ಅಲ್ವಾಮ್ಮ? ಊರಿಂದ ಬಂದ್ಯಾ?’ ಅಂತ ಕೇಳಿದರು.

ಹಾಗಾಗಿ ಅತ್ತೆಯ ಲೆಕ್ಕದಲ್ಲಿ ಈ ಬಡಾವಣೆಗೆ ಐದಕ್ಕೆ ಐದು. ಸೈಕಲ್ ಕಲಿತ ನನ್ನ ಮಗಳ ಲೆಕ್ಕದಲ್ಲಿ ನಾಲ್ಕೂವರೆ. ಹದಿನೈದು ತುಂಬಿದ ಮೇಲೆ ಅವಳು ಏನು ಕೊಡುತ್ತಾಳೋ ನೋಡಬೇಕು. ಗೆಳತಿಯ ಮನೆಗೆ ಹೋಗೋಕೂ ಅಪ್ಪನ ಕಾರೇ ಬೇಕು ಅಂದರೆ ಯಾವ ಹುಡುಗಿ ಸುಮ್ನೆ ಇರುತ್ತಾಳೆ?

ನೀವು ಇಂಥ ಕಡೆ ಮನೆ ನೋಡುತ್ತಿದ್ದರೆ ಭಾನುವಾರ ಮಾತ್ರ ಹೋಗಬೇಡಿ. ಮಳೆ ಬರುವ ಒಂದು ಸೋಮವಾರ, ಲ್ಯಾಪ್‌ಟಾಪ್ ಬ್ಯಾಗು ಹಾಕಿಕೊಂಡು, ಬೆಳಗ್ಗೆ ಏಳೂವರೆಗೆ ಆ ಮನೆಯ ಬಾಗಿಲಿಂದ ಹೊರಟು ನಿಮ್ಮ ಆಫೀಸಿನ ಕುರ್ಚಿವರೆಗೆ ಹೋಗಿ ನೋಡಿ. ಸಂಜೆ ಅದೇ ದಾರಿಯಲ್ಲಿ ವಾಪಸ್ ಬನ್ನಿ. ಗೇಟು ಯಾವ ಕಡೆ ಇದೆ ಅಂತಲೂ ನೋಡಿಕೊಳ್ಳಿ.

ನನ್ನದು ಮೂರು ಸ್ಟಾರ್ ಅಂತ ಬರೆದಿಟ್ಟಿದ್ದೆ. ಆದರೆ ಮೊನ್ನೆ ಗುರುವಾರ ನೋಡಿದರೆ ಕಿಂಡಿ ಮತ್ತೆ ತೆರೆದಿದೆ. ಈ ಸಲ ಯಾರೋ ಇಟ್ಟಿಗೆಯ ಅಂಚಿಗೆ ಹಳೇ ಟೈರಿನ ತುಂಡು ಸುತ್ತಿ, ಬಟ್ಟೆ ಹರಿಯದ ಹಾಗೆ ಮಾಡಿದ್ದಾರೆ. ಸದ್ಯಕ್ಕೆ ಮೂರೂವರೆ.